ಮೊಸರಿನ ಪ್ಯಾಕೆಟ್ ಮತ್ತು ನಮ್ಮ ವಕೀಲರು



ನಿಕಾಹ್‌ಗಳನ್ನು ನೀವು ಎಷ್ಟೋ ನೋಡಿದ್ದೀರಿ. ಹೊರಗೆ ಮದುಮಗ, ಖಾಝಿ ಸಾಹೇಬರು, ಬಂಧುಗಳು ಕಾಯುತ್ತಿರುತ್ತಾರೆ. ವಕೀಲರು ಇಬ್ಬರು ಸಾಕ್ಷಿಗಳ ಜೊತೆ ಒಳಗೆ ಹೋಗಿ ಹುಡುಗಿಯನ್ನು ಕೇಳುತ್ತಾರೆ: ಇಂಥವರ ಮಗನ ಜೊತೆ, ಇಷ್ಟು ಮಹ್ರ್‌ಗೆ, ನಿನ್ನ ಒಪ್ಪಿಗೆ ಇದೆಯೇ ಮಗಳೇ? ಅವಳು ಹೂಂ ಅಂದ ಮೇಲೆಯೇ ಹೊರಗೆ ಬಂದು ಅವಳ ಪರವಾಗಿ ಮಾತನಾಡುತ್ತಾರೆ. ನಿಕಾಹ್ ಮುಗಿದು ಖರ್ಜೂರ ಹಂಚಿದ ಮೇಲೆ ಒಳಗೆ ಹೋಗಿ, "ಇಷ್ಟಕ್ಕೆ ಒಪ್ಪಿ ಬಂದಿದ್ದೇನೆ" ಎಂದು ತಿಳಿಸುವ ವಕೀಲನನ್ನು ನೀವು ಒಪ್ಪುತ್ತೀರಾ?

ಆದರೆ ಈ ತಿಂಗಳ ವಿಷಯ ಮದುವೆಯಲ್ಲ, ಮೊಸರು.

2022ರ ಜುಲೈ 18ರಿಂದ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಮೊಸರು, ಮಜ್ಜಿಗೆ, ಅಕ್ಕಿ, ಹಿಟ್ಟಿನ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ನಂದಿನಿ ಮೊಸರಿನ 10 ರೂಪಾಯಿಯ ಪ್ಯಾಕೆಟ್ 12 ಆಯಿತು, ಗದ್ದಲವೆದ್ದ ಮೇಲೆ 10.50ಕ್ಕೆ ಇಳಿಯಿತು. ಖಾನಾಪುರದ ಕಡೆಯ ಹಳ್ಳಿಯಾಕೆ ಗಡಿಗೆಯಲ್ಲಿ ತಂದು ಅಳೆದು ಕೊಡುವ ಮೊಸರಿಗೆ ತೆರಿಗೆಯಿಲ್ಲ. ಆದರೆ ಬೆಳಗಾವಿಯಂಥ ಊರಿನಲ್ಲಿ ಎಷ್ಟು ಮನೆಗಳಿಗೆ ಗಡಿಗೆ ಮೊಸರು ಬರುತ್ತದೆ?

ಇದನ್ನು ನಿರ್ಧರಿಸಿದ್ದು ಬೆಂಗಳೂರಿನ ವಿಧಾನಸೌಧವೂ ಅಲ್ಲ, ದೆಹಲಿಯ ಸಂಸತ್ತೂ ಅಲ್ಲ. 2016ರ ಸಂವಿಧಾನ ತಿದ್ದುಪಡಿಯಿಂದ ಹುಟ್ಟಿದ ಜಿಎಸ್‌ಟಿ ಕೌನ್ಸಿಲ್. ಕೇಂದ್ರದ ಹಣಕಾಸು ಸಚಿವರು ಅದರ ಅಧ್ಯಕ್ಷರು, ಪ್ರತಿ ರಾಜ್ಯದಿಂದ ಒಬ್ಬ ಸಚಿವರು ಸದಸ್ಯರು. ಕೇಂದ್ರದ ಮತಕ್ಕೆ ಮೂರನೆಯ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದದ್ದು. ನಿರ್ಣಯಕ್ಕೆ ನಾಲ್ಕನೆಯ ಮೂರು ಪಾಲು ಬೇಕು. ಅಂದರೆ ಕೇಂದ್ರ ಬೇಡವೆಂದರೆ ಏನೂ ಆಗದು, ಒಂದು ರಾಜ್ಯ ಒಂಟಿಯಾಗಿ ಬೇಡವೆಂದರೆ ಏನೂ ನಿಲ್ಲದು. ಅಲ್ಲಿ ಕೊಟ್ಟು ಪಡೆಯುವ ಮಾತುಕತೆ ನಡೆಯುತ್ತದೆ, ಬಾಗಿಲು ಮುಚ್ಚಿ.

ಈಗ ತಾರೀಖುಗಳನ್ನು ಗಮನಿಸಿ. ಚಂಡೀಗಢದಲ್ಲಿ ಕೌನ್ಸಿಲ್ ಸೇರಿದ್ದು ಜೂನ್ 28 ಮತ್ತು 29ರಂದು. ಅದಕ್ಕೆ ಮೊದಲು ಈ ಸಲಹೆ ಕೊಟ್ಟ ಸಚಿವರ ಗುಂಪಿಗೆ ಅಧ್ಯಕ್ಷರಾಗಿದ್ದವರು ನಮ್ಮದೇ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ತೆರಿಗೆ ಜಾರಿಯಾದ ಜುಲೈ 18ರಂದೇ ಸಂಸತ್ತಿನ ಅಧಿವೇಶನ ಆರಂಭವಾಯಿತು. ನಮ್ಮ ವಿಧಾನಸಭೆ ಸೇರಿದ್ದು ಸೆಪ್ಟೆಂಬರ್ 12ಕ್ಕೆ. ಅಷ್ಟರಲ್ಲಿ ನಾವು ಎರಡು ತಿಂಗಳ ಮೊಸರು ಉಂಡಾಗಿತ್ತು. ಇದನ್ನು ಒಂದು ಪಕ್ಷದ ತಪ್ಪು ಎನ್ನುವಂತಿಲ್ಲ. ವಿರೋಧ ಪಕ್ಷಗಳ ರಾಜ್ಯಗಳೂ ಒಪ್ಪಿದ್ದವು ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮರುದಿನವೇ ಹೇಳಿದರು. ಹೊರಗೆ ಗದ್ದಲ ಮಾಡಿದವರು, ಒಳಗೆ ತಮ್ಮವರು ಏನು ಹೇಳಿದರು ಎಂದು ಕೇಳಿದರೇ?

ಅಧಿಸೂಚನೆಯನ್ನು ನಂತರ ಸದನದ ಮುಂದಿಡಬೇಕೆಂದು ಕಾನೂನು ಹೇಳುತ್ತದೆ. ಅದು ಖರ್ಜೂರ ಹಂಚಿದ ಮೇಲೆ ಹುಡುಗಿಯನ್ನು ಕೇಳಿದ ಹಾಗೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೇ? ಯುರೋಪಿನ ದೇಶಗಳೂ ಒಂದೆಡೆ ಸೇರಿ ತಮ್ಮೆಲ್ಲರಿಗೂ ಅನ್ವಯಿಸುವ ಕಾನೂನು ಮಾಡುತ್ತವೆ. ಅಲ್ಲೂ ಮಾತುಕತೆಗೆ ಹೋಗುವವರು ಸಚಿವರೇ. 1973ರಲ್ಲಿ ಆ ಕೂಟ ಸೇರಿದ ಡೆನ್ಮಾರ್ಕ್ ಎಂಬ ಪುಟ್ಟ ದೇಶ ಒಂದು ಪದ್ಧತಿ ಮಾಡಿಕೊಂಡಿತು. ಮಹತ್ವದ ವಿಷಯವಿದ್ದರೆ ಸಚಿವರು ಹೊರಡುವ ಮೊದಲು ಸಂಸತ್ತಿನ ಸಮಿತಿಯ ಮುಂದೆ ಬಂದು, "ನಾನು ಇಷ್ಟು ಕೇಳುತ್ತೇನೆ, ಇಷ್ಟು ಬಿಡುತ್ತೇನೆ" ಎಂದು ಹೇಳಬೇಕು. ಸಮಿತಿಯಲ್ಲಿ ಬಹುಮತ ವಿರುದ್ಧವಾಗದಿದ್ದರೆ ಮಾತ್ರ ಪ್ರಯಾಣ. ಗುಟ್ಟು ಬಯಲಾದರೆ ಚೌಕಾಸಿ ಕೆಡುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗುಟ್ಟಿನ ಮಾತನ್ನು ಅವರು ಸಮಿತಿಯಲ್ಲಿ ಬಾಗಿಲು ಮುಚ್ಚಿ ಆಡುತ್ತಾರೆ. ಆದರೆ ಆಡುತ್ತಾರೆ.

ಸೀರಾ ಓದಿದವರಿಗೆ ಇದು ಹೊಸದೆನಿಸಬಾರದು. ಹಿಜ್ರಿ 5ರ ಖಂದಕ್ ಯುದ್ಧ. ಮದೀನಾಕ್ಕೆ ಮುತ್ತಿಗೆ, ಒಳಗೆ ಹಸಿವು, ಚಳಿ, ಭಯ. ಶತ್ರುಕೂಟದಿಂದ ಗತ್ಫಾನ್ ಗೋತ್ರವನ್ನು ಬೇರ್ಪಡಿಸಲು ಮದೀನಾದ ಖರ್ಜೂರ ಬೆಳೆಯಲ್ಲಿ ಮೂರನೆಯ ಒಂದು ಪಾಲು ಕೊಡುವ ಮಾತನ್ನು ಪ್ರವಾದಿವರ್ಯರು(ಸ) ಅವರ ನಾಯಕರೊಂದಿಗೆ ನಡೆಸಿದರು. ಕರಾರು ಬರೆದಿಡಲಾಗಿತ್ತು, ಸಾಕ್ಷಿ ಬಿದ್ದಿರಲಿಲ್ಲ. ಅದಕ್ಕೆ ಮೊದಲು ಅವರು ತೋಟಗಳ ಒಡೆಯರಾದ ಅನ್ಸಾರ್‌ಗಳ ನಾಯಕರು ಸಅದ್ ಬಿನ್ ಮುಆದ್(ರ) ಮತ್ತು ಸಅದ್ ಬಿನ್ ಉಬಾದಾ(ರ) ಇಬ್ಬರನ್ನೂ ಕರೆಸಿ ಕೇಳಿದರು. ಇದು ಅಲ್ಲಾಹನ ಆಜ್ಞೆಯೇ, ಅಥವಾ ನಮಗಾಗಿ ತಾವು ಯೋಚಿಸಿದ್ದೇ ಎಂದು ಅವರು ವಿಚಾರಿಸಿದರು. ನಿಮಗಾಗಿಯೇ ಎಂದಾಗ, ಹಾಗಾದರೆ ಬೇಡ ಎಂದರು. ಬರೆದದ್ದನ್ನು ಅಳಿಸಲಾಯಿತು. ದೈವಿಕ ಮಾರ್ಗದರ್ಶನವಿದ್ದವರೇ ಬೆಳೆಗಾರರನ್ನು ಕೇಳದೆ ಕರಾರು ಮುಗಿಸಲಿಲ್ಲ. ಮುತ್ತಿಗೆಯ ನಡುವೆ ಕೇಳಲು ಸಮಯವಿತ್ತು. ನಮ್ಮ ಸಚಿವರಿಗೆ ಎಲ್ಲಿಯ ಅವಸರ?

ನಮ್ಮ ದೇಶ ಹೊರದೇಶಗಳೊಂದಿಗೆ ಮಾಡುವ ಒಪ್ಪಂದಗಳ ಕಥೆಯೂ ಇದೇ. 1994ರ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಮರಾಕೇಶ್‌ನಲ್ಲಿ ಸಹಿ ಹಾಕಿದವರು ಅಂದಿನ ವಾಣಿಜ್ಯ ಸಚಿವ ಪ್ರಣಬ್ ಮುಖರ್ಜಿ. ಸಹಿಗೆ ಮುನ್ನ ಸಂಸತ್ತಿನ ಒಪ್ಪಿಗೆ ಬೇಕೆಂಬ ನಿಯಮ ಅಂದೂ ಇರಲಿಲ್ಲ, ಇಂದೂ ಇಲ್ಲ. ಅದೇ ಮುಖರ್ಜಿ ರಾಷ್ಟ್ರಪತಿಯಾಗಿ 2012ರ ಅಕ್ಟೋಬರ್ 11ರಂದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು.

ಸದನಕ್ಕೆ ಅಧಿಕಾರವಿಲ್ಲ ಎನ್ನುವಂತೆಯೂ ಇಲ್ಲ. ಕೌನ್ಸಿಲ್‌ನ ಶಿಫಾರಸುಗಳು ಸಂಸತ್ತನ್ನಾಗಲಿ ವಿಧಾನಸಭೆಗಳನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದೇ ಹೇಳಿತ್ತು, ಚಂಡೀಗಢದ ಸಭೆಗೆ ಆರು ವಾರ ಮೊದಲು. 2025ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಬಹಳಷ್ಟು ವಸ್ತುಗಳ ತೆರಿಗೆ ಇಳಿಸಿತು. ಪನೀರ್ ಪ್ಯಾಕೆಟ್‌ಗೆ ತೆರಿಗೆಯೇ ಹೋಯಿತು. ನಾವೆಲ್ಲ ಸಂತೋಷಪಟ್ಟೆವು, ನಾನೂ ಪಟ್ಟೆ. ಆದರೆ ಇಳಿದ ತೆರಿಗೆಯಲ್ಲಿ ರಾಜ್ಯದ ಪಾಲೂ ಇತ್ತು. ಶಾಲೆಗೆ, ಆಸ್ಪತ್ರೆಗೆ ಹೋಗುವ ಹಣ ಅದೇ ಚೀಲದ್ದು. ಒಳ್ಳೆಯ ಕರಾರಿಗೂ ಒಡೆಯರನ್ನು ಕೇಳಬೇಕು.

ಚಳಿಗಾಲದ ಅಧಿವೇಶನಕ್ಕೆ ಶಾಸಕರು ನಮ್ಮೂರಿಗೆ ಬರುತ್ತಾರೆ. ಕೊಂಡಸಕೊಪ್ಪದಲ್ಲಿ ಟೆಂಟುಗಳು ಏಳುತ್ತವೆ. ಕಬ್ಬಿನ ಬೆಲೆ, ಮೀಸಲಾತಿ, ಸಂಬಳ ಎಂದು ಒಬ್ಬೊಬ್ಬರದು ಒಂದೊಂದು ಮನವಿ. ನಿಮ್ಮ ಶಾಸಕರು ಪರಿಚಯದವರಾದರೆ ಒಂದು ಚೀಟಿ ಕೊಡಿ. ಸಚಿವರನ್ನು ಸದನದಲ್ಲಿ ಕೇಳಲು ಅದರಲ್ಲಿ ಒಂದೇ ಪ್ರಶ್ನೆ ಬರೆದರೆ ಸಾಕು: ಮುಂದಿನ ಕೌನ್ಸಿಲ್ ಸಭೆಯಲ್ಲಿ ನಮ್ಮ ಪರವಾಗಿ ಏನು ಹೇಳಲು ಹೊರಟಿದ್ದೀರಿ?