ಸಂಬಳ ನಿಂತವನ ಕಾಯಕ



ನಾನು ಮೂವತ್ನಾಲ್ಕು ವರ್ಷ ಸರ್ಕಾರದ ಸಂಬಳ ಉಂಡವನು, ಈಗ ಪಿಂಚಣಿ ಉಣ್ಣುತ್ತಿರುವವನು. ಮಳೆ ಬರಲಿ, ಬರ ಬೀಳಲಿ, ತಿಂಗಳಾದರೆ ನನ್ನ ಖಾತೆಗೆ ಹಣ ಬಂದಿದೆ. ಅಂಥವನಿಗೆ ಬಸವ ಜಯಂತಿಯ ವೇದಿಕೆಯಲ್ಲಿ ನಿಂತು ಕಾಯಕ ತತ್ವದ ಬಗ್ಗೆ ಅರ್ಧ ಗಂಟೆ ಮಾತನಾಡುವುದು ಏನೂ ಕಷ್ಟವಲ್ಲ. ಎಷ್ಟೋ ಸಲ ಮಾತನಾಡಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಆ ಮಾತಿನಿಂದ ನನ್ನ ಸ್ವಂತ ತಮ್ಮನನ್ನು ಮಠದಿಂದ ಮೂರು ವರ್ಷ ದೂರ ಇಟ್ಟವನೂ ನಾನೇ.

ತಮ್ಮ ಹುಬ್ಬಳ್ಳಿ ಕಡೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದ. ಲೇಥ್ ಮುಂದೆ ನಿಂತು ಶುರು ಮಾಡಿ ಮಶೀನ್ ಶಾಪಿನ ಸೂಪರ್‌ವೈಸರ್ ಆಗಿದ್ದ. 2015ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅವನಿಗೆ ಆಗ ನಲವತ್ತೈದು. ಮಗಳು ಪಿಯುಸಿ, ಮಗ ಎಂಟನೆಯ ತರಗತಿ. ಮನೆ ಸಾಲದ ಕಂತು ಇನ್ನೂ ಏಳು ವರ್ಷ ಬಾಕಿ. ಅಲ್ಲಿಂದ ನಾಲ್ಕು ವರ್ಷ ಅವನಿಗೆ ಸಂಬಳದ ಕೆಲಸ ಸಿಗಲಿಲ್ಲ.

ಆ ಮನೆ ನಡೆದದ್ದು ಹೇಗೆ ಎಂಬ ಲೆಕ್ಕ ನನಗೆ ತಿಳಿದದ್ದು ತಡವಾಗಿ. ಗ್ರಾಚುಯಿಟಿಯ ಸೂತ್ರ ಸರಳ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಇಪ್ಪತ್ತೊಂದು ವರ್ಷಕ್ಕೆ ಹನ್ನೆರಡು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು. ಅದೂ ಕೈಗೆ ಬಂದದ್ದು ಒಂದೂವರೆ ವರ್ಷ ಓಡಾಡಿದ ಮೇಲೆ. ಭವಿಷ್ಯ ನಿಧಿಯ ಹಣದಲ್ಲಿ ಮೊದಲು ಮನೆ ಸಾಲದ ದೊಡ್ಡ ಪಾಲು ತೀರಿಸಿದ. ‘ಮಗಳ ಮದುವೆಗೆ ಇಟ್ಟುಕೋ’ ಎಂದು ಹಿರಿಯರೆಲ್ಲ ಹೇಳಿದರು, ಅವನು ಕೇಳಲಿಲ್ಲ. ನಾನೂ ಹಾಗೆ ಹೇಳಿದವರಲ್ಲಿ ಒಬ್ಬ. ತಲೆಯ ಮೇಲೆ ಸೂರು ಉಳಿದದ್ದು ಅವನು ನಮ್ಮ ಮಾತು ಕೇಳದಿದ್ದುದರಿಂದ. ಇನ್ನೊಂದು ಒಳ್ಳೆಯ ಕೆಲಸ ಮಾಡಿದ: ಕಾರ್ಖಾನೆ ಮುಚ್ಚಿದ ವಾರದಲ್ಲೇ ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದ. ಮಗಳು ತಾನಾಗಿಯೇ ಸರ್ಕಾರಿ ಕಾಲೇಜು ಸೇರಿದಳು.

ಆಮೇಲೆ ರೊಟ್ಟಿ. ತಮ್ಮನ ಹೆಂಡತಿ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡತೊಡಗಿದಳು. ದಿನಕ್ಕೆ ನೂರೈವತ್ತು. ಜೋಳ, ಬೀಸುವ ಕೂಲಿ, ಗ್ಯಾಸು ಕಳೆದರೆ ಮುನ್ನೂರು ಮುನ್ನೂರೈವತ್ತು ರೂಪಾಯಿ ಉಳಿಯುತ್ತಿತ್ತು. ಬೆಳಗಿನ ಐದಕ್ಕೆದ್ದು ಹಿಟ್ಟು ನಾದುತ್ತಿದ್ದವನು ತಮ್ಮ. ಗಿರಣಿಗೆ ಹೋಗುವವನು, ಸೈಕಲ್ ಮೇಲೆ ರೊಟ್ಟಿ ಮುಟ್ಟಿಸುವವನು, ಉದ್ರಿ ವಸೂಲಿ ಮಾಡುವವನು ಅವನೇ. ಆದರೂ ಬೀಗರ ಮನೆಯಲ್ಲಿ, ಓಣಿಯಲ್ಲಿ, ನಮ್ಮ ಮಠದ ಅಂಗಳದಲ್ಲಿ ‘ಅವನೇನು ಮಾಡ್ತಾನ?’ ಎಂದರೆ ಉತ್ತರ ಒಂದೇ: ‘ಏನೂ ಇಲ್ಲ, ಮನ್ಯಾಗ ಇರ್ತಾನ.’

2017ರ ಬಸವ ಜಯಂತಿ. ಭಾಷಣ ಮುಗಿಸಿ ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ತಮ್ಮ. ಎದುರಿಗೆ ಕುಳಿತ ಹಿರಿಯರೊಬ್ಬರು ಅವನ ಕೆಲಸದ ಬಗ್ಗೆ ಕೇಳಿದರು. ಅವನು ಉತ್ತರಿಸುವ ಮೊದಲೇ ನಾನು ಬಾಯಿ ಹಾಕಿದೆ: ‘ಕಾಯಕಕ್ಕ ನಾಚಿಕಿ ಯಾಕೋ ತಮ್ಮಾ? ಸೆಕ್ಯೂರಿಟಿ ಕೆಲಸಕ್ಕಾದ್ರೂ ಹೋಗು.’ ಸಾಲಿನಲ್ಲಿದ್ದವರೆಲ್ಲ ತಲೆದೂಗಿದರು. ಅವನು ಎಲೆಯಿಂದ ಮುಖ ಎತ್ತದೆ ಹೇಳಿದ: ‘ಹೋಗಿದ್ದೆ ಅಣ್ಣಾ. ವಯಸ್ಸಾತು ಅಂದ್ರು.’

ಅಂದಿನಿಂದ ಅವನು ಶಿವಾನುಭವ ಗೋಷ್ಠಿಗೆ ಬರಲಿಲ್ಲ, ಶ್ರಾವಣದ ಪ್ರವಚನಕ್ಕೂ ಬರಲಿಲ್ಲ. ಮನೆಯಲ್ಲಿ ಲಿಂಗಪೂಜೆ ಮಾತ್ರ ಬಿಡಲಿಲ್ಲ.

ನಾವು ಕಾಯಕವನ್ನು ನೌಕರಿ ಎಂದು ಓದುತ್ತಿದ್ದೇವೆ ಎಂಬುದು ನನ್ನ ದೂರು, ಮೊದಲ ಆರೋಪಿ ನಾನೇ. ಆಯ್ದಕ್ಕಿ ಮಾರಯ್ಯ ಶರಣರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅವರಿಗೆ ಹುದ್ದೆ ಇರಲಿಲ್ಲ, ಹಾಜರಿ ಪುಸ್ತಕ ಇರಲಿಲ್ಲ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗವನ್ನು ನಾವೆಲ್ಲ ಎಷ್ಟು ಸಲ ಹೇಳಿಲ್ಲ! ಆ ದಂಪತಿ ಇಂದು ನಮ್ಮ ಸಭೆಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಮುಂದಿನ ಸಾಲು ‘ನಿವೃತ್ತ’ ಎಂಬ ವಿಶೇಷಣ ಹೊತ್ತ ನಮ್ಮಂಥವರದು.

ಒಂದು ವಿಚಿತ್ರ ಹೇಳುತ್ತೇನೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಯಾವುದೋ ಒಂದು ದಿನ ಒಂದು ತಾಸು ದುಡಿದವನೂ ಉದ್ಯೋಗಸ್ಥ. ಸರ್ಕಾರದ ಕಡತದಲ್ಲಿ ನನ್ನ ತಮ್ಮ ಉದ್ಯೋಗಿ, ನಮ್ಮ ಪಂಕ್ತಿಯಲ್ಲಿ ಖಾಲಿ ಕುಂತವನು. ಎರಡೂ ಕಡೆ ಅವನ ಕಷ್ಟ ಲೆಕ್ಕಕ್ಕೆ ಬರಲಿಲ್ಲ.

ಸರ್ಕಾರದ ನೆರವಿನಲ್ಲೂ ಈ ವಯಸ್ಸಿನವರಿಗೆ ದೊಡ್ಡ ಕಂದಕವಿದೆ. 2024ರಲ್ಲಿ ಆರಂಭವಾದ ಯುವನಿಧಿ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ಇ.ಎಸ್.ಐ. ವಿಮೆ ಇದ್ದು ಕೆಲಸ ಕಳೆದುಕೊಂಡವರಿಗೆ 2018ರಿಂದ ಅಟಲ್ ಹೆಸರಿನ ಯೋಜನೆಯಿದೆ, ಹೆಚ್ಚೆಂದರೆ 90 ದಿನ. ತೊಂಬತ್ತೊಂದನೆಯ ದಿನ? ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮನೆಗಳಲ್ಲಿ ಒಲೆ ಉರಿದಿದೆ, ಅದನ್ನು ಹಂಗಿಸುವವರ ಜೊತೆ ನಾನಿಲ್ಲ.

ಇದು ಸೋಮಾರಿಗಳ ಕತೆ ಅಲ್ಲವೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳು, ಭದ್ರಾವತಿಯ ಕಾಗದ ಕಾರ್ಖಾನೆ, ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ: ಇವು ಮುಚ್ಚಿದ್ದು ಅಲ್ಲಿ ದುಡಿದವರ ಮೈಗಳ್ಳತನದಿಂದಲ್ಲ. ಸೇತುವೆ ಕುಸಿದರೆ ಅದರ ಮೇಲೆ ನಡೆಯುತ್ತಿದ್ದವನನ್ನು ನಮ್ಮ ಇಲಾಖೆಯಲ್ಲಿ ಯಾರೂ ವಿಚಾರಣೆಗೆ ಕರೆಯುತ್ತಿರಲಿಲ್ಲ.

ಹಾಗಾದರೆ ಮಠಗಳು, ನಾವು ಏನು ಮಾಡಬಹುದು? ಪ್ರಸಾದ ನಿಲಯ ಕಟ್ಟಿ ಲಕ್ಷಾಂತರ ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಪರಂಪರೆ ನಮ್ಮದು. ನಾನೂ ಅದರಲ್ಲಿ ಉಂಡು ಬೆಳೆದವನೇ. ಕೆಲಸ ಕಳೆದುಕೊಂಡ ಮನೆಯ ಮಗುವಿನ ಶುಲ್ಕವನ್ನು ನಮ್ಮ ಶಾಲೆಗಳು ಒಂದೆರಡು ವರ್ಷ ಮುಂದೂಡಲಿ, ಆ ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸದೆ. ನೆರವು ಕೊಡುವಾಗ ಫೋಟೊ ಬೇಡ, ಶಾಲು ಬೇಡ. ಕೊಟ್ಟವನ ಹೆಸರು ಮೈಕಿನಲ್ಲಿ ಕೂಗಿದಾಗ ಪಡೆದವನ ಹೆಸರೂ ಊರಿಗೆ ಗೊತ್ತಾಗುತ್ತದೆ. ದಾಸೋಹಕ್ಕೂ ದಾನಕ್ಕೂ ಇರುವ ಅಂತರ ಅಲ್ಲೇ ಅಳಿಸಿಹೋಗುತ್ತದೆ. ಗೋಷ್ಠಿಯಲ್ಲಿ ಪರಿಚಯ ಹೇಳುವಾಗ ಹುದ್ದೆ ಬಿಟ್ಟು ಹೆಸರು, ಊರು ಹೇಳಿದರೆ ಸಾಲದೇ? ಈ ಪುಟದಲ್ಲಿ ನನ್ನ ಹೆಸರಿನ ಕೆಳಗೂ ಹುದ್ದೆ ಹಾಕಬೇಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

2019ರ ಕೊನೆಗೆ ತಮ್ಮನಿಗೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು, ಹಳೆಯ ಸಂಬಳದ ಅರ್ಧಕ್ಕೆ. ರೊಟ್ಟಿ ನಿಲ್ಲಿಸಲಿಲ್ಲ. ನಾನು ಅವನ ಮನೆಗೆ ಹೋಗಿ ಪಂಕ್ತಿಯ ಮಾತಿಗೆ ತಪ್ಪಾಯಿತು ಎಂದೆ. ಅವನು ಸುಮ್ಮನಿದ್ದ. ಅವನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: ‘ಭಾವಾರ, ಇವ್ರು ಒಂದು ದಿನಾನೂ ಖಾಲಿ ಕುಂತಿಲ್ಲರೀ. ನೀವು ನೋಡಾಕ ಬರಲಿಲ್ಲ ಅಷ್ಟ.’

ಕಳೆದ ಶ್ರಾವಣದಲ್ಲಿ ಮಠದ ಪ್ರಸಾದಕ್ಕೆ ರೊಟ್ಟಿಯನ್ನು ಅವರಿಂದಲೇ ತರಿಸೋಣ ಎಂದು ಸಮಿತಿಯಲ್ಲಿ ಹೇಳಿದೆ. ಸೇವೆ ಎಂದು ಪುಕ್ಕಟೆ ಕೊಡಬಹುದಲ್ಲ ಎಂದರು ಒಬ್ಬರು. ಬೇಡ, ಪೇಟೆ ದರ ಕೊಡೋಣ ಎಂದೆ. ಬಿಲ್ಲು ಯಾರ ಹೆಸರಿಗೆ ಎಂದು ಖಜಾಂಚಿ ಕೇಳಿದರು. ಇಬ್ಬರ ಹೆಸರೂ ಬರೆಸಿದೆ.