ದುಃಖದ ಚಿತ್ರವನ್ನು ಬಾಲಿಕೆಯರು ನೋಡಬಾರದೇ?

ನಮ್ಮ ಪಾಠಶಾಲೆಯ ಮೇಲ್ತರಗತಿಯ ಬಾಲಿಕೆಯರಿಗೆ ‘ದ್ವೀಪ’ವೆಂಬ ಚಲಚ್ಚಿತ್ರವನ್ನು ತೋರಿಸಿದ ತರುವಾಯ ಪೋಷಕ ಮಹಾಶಯರಲ್ಲಿ ಕೆಲವರು ನನ್ನ ಮುಂದೆ ಮೂರು ಆಕ್ಷೇಪಗಳನ್ನು ಇಟ್ಟರು. ಚಿತ್ರವು ಬಹು ಮಂದಗತಿಯದು, ಎಳೆಯ ಮನಸ್ಸಿಗೆ ಅಳುವನ್ನು ಕಲಿಸತಕ್ಕದ್ದು, ದೈವಭಕ್ತಿಯನ್ನು ಹಗುರಮಾಡತಕ್ಕದ್ದು. ಇವುಗಳಿಗೆ ಉತ್ತರ ಕೊಡುವುದು ನನ್ನ ಕರ್ತವ್ಯವಾಗಿದೆ.

ಕಥೆಯು ನಮ್ಮ ನೆರೆಯದೇ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಆದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಮುಳುಗಿದವು. ಆ ಯೋಜನೆಯಲ್ಲಿ ನೌಕರಿ ಮಾಡಿದ್ದ ಸಾಗರದ ನಾ. ಡಿಸೋಜರವರು ಅದನ್ನು ಕಾದಂಬರಿಯಾಗಿ ಬರೆದರು; ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಚಿತ್ರವನ್ನಾಗಿಸಿದರು. 2001ನೆಯ ಸಾಲಿನ ಸ್ವರ್ಣಕಮಲವು ಅದಕ್ಕೆ ದೊರೆಯಿತು. ನಿರ್ಮಾಪಕಿಯೂ ನಾಯಿಕೆಯೂ ಆಗಿದ್ದ ಸೌಂದರ್ಯರವರು 2004ರಲ್ಲಿ ವಿಮಾನದ ಅಪಘಾತದಲ್ಲಿ ಮಡಿದರು; 2025ರಲ್ಲಿ ಡಿಸೋಜರವರೂ ಅಗಲಿದರು.

ಮಂದಗತಿಯೆಂಬ ಮಾತು ನಿಜ. ಆದರೆ ಮಲೆನಾಡಿನ ಮಳೆಗೆ ಅವಸರವುಂಟೇ? ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ನೋಡುತ್ತ ಕುಳಿತಿರುವ ಮನೆಯವರ ಸಂಕಟವು ಓಡುವ ಚಿತ್ರದಲ್ಲಿ ತಿಳಿಯಲಾರದು.

ಅಳುವಿನ ವಿಷಯವಾಗಿ ನನಗೆ ಸಂಕೋಚವಿಲ್ಲ. ನಮ್ಮ ಕರ್ತನೇ ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರಿಟ್ಟನಷ್ಟೆ. ಯೋಬನ ಸ್ನೇಹಿತರು ಏಳು ದಿವಸ ಅವನೊಡನೆ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದು ಬುದ್ಧಿ ಹೇಳತೊಡಗಿದ ಮೇಲೆಯೇ ತಪ್ಪಿದರು. ಚಿತ್ರ ನೋಡಿದ ಮಾರನೆಯ ವಾರ ಒಬ್ಬ ಬಾಲಿಕೆಯು ಪ್ರಬಂಧದಲ್ಲಿ ಹೀಗೆಂದು ತಿಳಿಸಿದಳು: ತನ್ನ ಅಜ್ಜಿಯು ಮುಳುಗಿದ ಊರಿನವಳೆಂಬುದು ಆಕೆಗೆ ಗೊತ್ತಿತ್ತು, ಆದರೆ ಅಂಗಳದ ಬಾವಿ ಎಲ್ಲಿತ್ತು, ಹಲಸಿನ ಮರ ಎಷ್ಟಿದ್ದವು ಎಂಬುದನ್ನು ಅಜ್ಜಿಯು ಹೇಳಿದ್ದು ಅಂದೇ ಮೊದಲು, ಏಕೆಂದರೆ ಮೊಮ್ಮಗಳು ಕೇಳಿದ್ದೂ ಅಂದೇ ಮೊದಲು. ಅಣೆಕಟ್ಟಿನಿಂದ ಬಂದ ವಿದ್ಯುದ್ದೀಪದಡಿಯಲ್ಲಿ ಓದುವ ನಾವು ಅದನ್ನು ಹಳಿಯಲಾರೆವು. ಬೆಲೆ ತೆತ್ತವರನ್ನು ಮರೆಯಲೂ ಬಾರದು.

ಮೂರನೆಯ ಆಕ್ಷೇಪವು ಗುರುತರವಾದುದು. ಕಡೆಯಲ್ಲಿ ನೀರು ಇಳಿದಾಗ ಗಣಪನು ಎಲ್ಲವನ್ನೂ ದೈವಕೃಪೆಯೆಂದು ಹೇಳುತ್ತಾನೆ. ಎದೆಗೆಡದೆ ಮನೆಯನ್ನು ಕಾದ ನಾಗಿಯ ಹೆಸರನ್ನೆತ್ತುವುದಿಲ್ಲ. ಇದು ಭಕ್ತಿಯ ನಿಂದೆಯೆಂದು ನನಗೆ ತೋರಲಿಲ್ಲ. ದೇವರಿಗೆ ಕೃತಜ್ಞನಾದವನು ದೇವರು ಉಪಯೋಗಿಸಿದ ಕೈಗಳಿಗೂ ಕೃತಜ್ಞನಾಗಬೇಕಲ್ಲವೇ? ಹೆಣ್ಣುಮಕ್ಕಳ ಶಾಲೆಯಲ್ಲಿ ಇದಕ್ಕಿಂತ ಅವಶ್ಯವಾದ ಪಾಠವನ್ನು ನಾನು ಅರಿಯೆನು. ಸೊರಬ, ಶಿಕಾರಿಪುರದ ಎಷ್ಟು ಮನೆಗಳಲ್ಲಿ ಗದ್ದೆಯ ಬೆಳೆಯು ಯಜಮಾನನ ಪುಣ್ಯವೆನಿಸಿ, ನಾಟಿ ಮಾಡಿ ಬೆನ್ನು ಬಾಗಿದವಳು ಲೆಕ್ಕಕ್ಕೆ ಬಾರದಿರುವಳು!

ಒಂದು ತಪ್ಪನ್ನು ಮಾತ್ರ ಒಪ್ಪಿಕೊಳ್ಳುವೆನು. ಚಿತ್ರ ಮುಗಿದೊಡನೆ ಗಂಟೆ ಬಾರಿಸಿ ಮಕ್ಕಳನ್ನು ಮನೆಗೆ ಕಳುಹಿಸಿಬಿಟ್ಟೆವು. ದುಃಖವನ್ನು ತೋರಿಸಿದವರು ಅದರ ಜೊತೆಗೆ ಸ್ವಲ್ಪ ಹೊತ್ತು ಕುಳಿತಿರಲೂ ಬೇಕು. ಮುಂದಿನ ಸಲ ಹಾಗೆ ಮಾಡುವೆವು. ತಾಯಂದಿರೂ ಅಜ್ಜಿಯರೂ ಬಂದು ನಮ್ಮೊಡನೆ ಕುಳಿತುಕೊಳ್ಳಬೇಕೆಂದು ಬೇಡುತ್ತೇನೆ.

— ಮುಖ್ಯೋಪಾಧ್ಯಾಯಿನಿ