ಮ್ಯೂಸಿಕ್ ಸಿಸ್ಟಮ್ ಕೊಳ್ಳೋದು ಯಾರ ಕಿವಿಗೆ?

ಬೆಳಿಗ್ಗೆ ಆರೂವರೆ. ಒಲೆ ಮೇಲೆ ಕುಕ್ಕರ್, ಪಕ್ಕದಲ್ಲಿ ಸ್ಟೀಲ್ ಲೋಟ, ಲೋಟದೊಳಗೆ ಮೊಬೈಲ್! ಲೋಟದಲ್ಲಿಟ್ಟರೆ ಸದ್ದು ಸ್ವಲ್ಪ ಜಾಸ್ತಿ ಆಗುತ್ತಲ್ಲ, ಅದಕ್ಕೆ. ಎಷ್ಟೋ ಮನೆಗಳಲ್ಲಿ ಗೃಹಿಣಿಯ ಮ್ಯೂಸಿಕ್ ಸಿಸ್ಟಮ್ ಅಂದರೆ ಇಷ್ಟೇ. ಯಜಮಾನರಿಗೆ ಹಾಲ್‌ನಲ್ಲಿ ಟಿವಿ, ಮಕ್ಕಳಿಗೆ ಕಿವಿಯಲ್ಲಿ ಇಯರ್‌ಫೋನ್. ಇಡೀ ದಿನ ಹಾಡು ಕೇಳುತ್ತಲೇ ಕೆಲಸ ಮಾಡುವವಳಿಗೆ ಮಾತ್ರ ಲೋಟದ ಹಾಡು.

ನಾನೂ ಹಾಗೇ ಇದ್ದೆ. ಚೀಟಿ ದುಡ್ಡು ಬಂದಾಗ ಎಂಟು ಸಾವಿರ ಎತ್ತಿಟ್ಟು, ‘ಮನೆಗೊಂದು ಒಳ್ಳೇ ಮ್ಯೂಸಿಕ್ ಸಿಸ್ಟಮ್ ತರೋಣ’ ಅಂದೆ. ‘ತಗೊಂಡ್ರೆ ಫೈವ್ ಪಾಯಿಂಟ್ ಒನ್ ತಗೋಬೇಕು, ಸಿನಿಮಾಕ್ಕೂ ಆಗುತ್ತೆ’ ಅಂದರು ನಮ್ಮವರು. ‘ಬಾಸ್‌ಗೆ ಎದೆ ನಡುಗಬೇಕಮ್ಮ’ ಅಂದ ಮಗ. ಅಂಗಡಿಯ ಹುಡುಗನದು ಒಂದೇ ಮಂತ್ರ, ‘ಎರಡು ಸಾವಿರ ವ್ಯಾಟ್ ಮೇಡಂ!’ ನಿಮಗೆ ಯಾವ ಹಾಡು ಇಷ್ಟ, ಎಲ್ಲಿ ಕೂತು ಕೇಳ್ತೀರಿ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಮನೆಗೆ ಆರು ಪೆಟ್ಟಿಗೆ ಬಂತು. ಹಾಲ್ ತುಂಬಾ ವೈರು. ದಮ್ ದಮ್ ಸದ್ದಿಗೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಹಾಡುವವರ ದನಿಯಂತೂ ಕೊಡದೊಳಗಿಂದ ಬಂದ ಹಾಗೆ. ಆರು ತಿಂಗಳಿಗೆ ಅದರ ಮೇಲೆ ಬಟ್ಟೆ ಹೊದಿಸಿ, ನಾನು ಮತ್ತೆ ಲೋಟಕ್ಕೇ ವಾಪಸ್!

ಎರಡನೇ ಸಲ ದುಡ್ಡು ಕೂಡಿಸಲು ಎರಡು ವರ್ಷ ಬೇಕಾಯ್ತು. ಆಗ ಕಲಿತದ್ದನ್ನು ಹೇಳ್ತೀನಿ ಕೇಳಿ.

ಮೊದಲನೆಯದು ಈ ವ್ಯಾಟ್ ಮಾಯೆ. ನಿಮ್ಮ ಮಿಕ್ಸಿ 500 ಅಥವಾ 750 ವ್ಯಾಟ್, ಇಸ್ತ್ರಿಪೆಟ್ಟಿಗೆ 1000 ವ್ಯಾಟ್. ಹಾಗಿರುವಾಗ ಅಂಗೈಯಗಲದ ಸ್ಪೀಕರ್‌ಗೆ 2000 ವ್ಯಾಟ್ ಎಲ್ಲಿಂದ ಬರಬೇಕು? ಡಬ್ಬದ ಮೇಲೆ ಪಿಎಂಪಿಒ ಅಂತ ಬರೆದ ಅಂಕಿಯನ್ನು ನಂಬಬೇಡಿ, ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್ ಎಷ್ಟು ಅಂತ ಕೇಳಿ. ಹತ್ತಡಿ-ಹನ್ನೆರಡಡಿ ಹಾಲ್‌ಗೆ 20ರಿಂದ 40 ವ್ಯಾಟ್ ಆರ್‌ಎಂಎಸ್ ಧಾರಾಳವಾಯ್ತು. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗೋದಿಲ್ಲ, ಬರೀ 3 ಡೆಸಿಬೆಲ್ ಏರುತ್ತೆ. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು!

ಎರಡನೆಯದು, ಪೆಟ್ಟಿಗೆಗಳ ಲೆಕ್ಕ. ಎಂಟು ಸಾವಿರವನ್ನು ಆರು ಪೆಟ್ಟಿಗೆಗೆ ಹಂಚಿದರೆ ಒಂದೊಂದರ ಪಾಲಿಗೆ ಬರೋದೆಷ್ಟು? ನಾವು ಕೇಳುವ ಹಾಡುಗಳಲ್ಲಿ ಹೆಚ್ಚಿನವು ಎರಡು ಸ್ಪೀಕರ್‌ಗಳಿಗೆಂದೇ ಸಿದ್ಧವಾದವು. ಅದೇ ದುಡ್ಡಿಗೆ ಎರಡು ಒಳ್ಳೇ ಸ್ಪೀಕರ್ ಸಾಕು. ಆಂಪ್ಲಿಫೈಯರ್ ಒಳಗೇ ಇರುವಂಥದ್ದು ಕೊಂಡರೆ ಬೇರೆ ಖರ್ಚಿಲ್ಲ, ಮೊಬೈಲನ್ನೇ ಜೋಡಿಸಬಹುದು. ಬ್ಲೂಟೂತ್ ಜೊತೆಗೆ ವೈರ್ ಸಿಕ್ಕಿಸುವ ತೂತೂ ಇರಲಿ. ಕೂತು ಕೇಳಲು ಬಿಡುವೇ ಇಲ್ಲ, ಅಡುಗೆಮನೆಯಲ್ಲೇ ಕೇಳೋದು ಅನ್ನೋರು ಒಂದೇ ಒಂದು ಒಳ್ಳೇ ಸ್ಪೀಕರ್ ಕೊಳ್ಳಿ. ಅದಕ್ಕೆ ನಾಚಿಕೆ ಏನೂ ಬೇಡ.

ಮೂರನೆಯದು, ಸೀರೆ ಕೊಳ್ಳುವಾಗ ಮಡಿಕೆ ಬಿಚ್ಚಿಸಿ ನೋಡೋದಿಲ್ವೇ? ಇಲ್ಲೂ ಹಾಗೇ. ನಿಮಗೆ ಬಾಯಿಪಾಠ ಬರುವ ಎರಡು ಹಾಡನ್ನು ಮೊಬೈಲಲ್ಲಿ ಒಯ್ಯಿರಿ. ಒಂದರಲ್ಲಿ ಕಂಠ ಮುಖ್ಯವಾಗಿರಲಿ, ಇನ್ನೊಂದರಲ್ಲಿ ಮೃದಂಗವೋ ತಬಲವೋ ಇರಲಿ. ಸಾಹಿತ್ಯ ಸ್ಪಷ್ಟವಾಗಿ ಕೇಳಿಸುತ್ತಾ? ಎರಡು ಸೆಟ್ ಹೋಲಿಸುವಾಗ ಸದ್ದು ಸಮನಾಗಿರಬೇಕು, ಯಾಕಂದ್ರೆ ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತೆ. ಅಂಗಡಿಯವರು ವಾಲ್ಯೂಮ್ ಏರಿಸೋದರ ಗುಟ್ಟೂ ಇದೇ! ಸಣ್ಣ ಸದ್ದಿನಲ್ಲೂ ಕೇಳಿ ನೋಡಿ. ಮಗು ಮಲಗಿದ್ದಾಗ ನಾವು ಕೇಳೋದು ಹಾಗೇ ತಾನೇ?

ನೆಂಟರ ಅಟ್ಟದಲ್ಲಿ ಹಳೇ ಸ್ಪೀಕರ್ ಇದ್ದರೆ ಬೇಡ ಅನ್ನಬೇಡಿ. ಕೋನ್ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಾ ಅಂತ ಮಾತ್ರ ನೋಡಿಕೊಳ್ಳಿ. ಇಂಥವಕ್ಕೆ ಆಂಪ್ಲಿಫೈಯರ್ ಬೇರೆ ಬೇಕಾಗುತ್ತೆ, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ನು ಮನೆಯಲ್ಲಿ ಇಡುವ ಜಾಗ. ಶೋಕೇಸ್ ಒಳಗೆ ಗೊಂಬೆಗಳ ನಡುವೆ ತುರುಕಬೇಡಿ. ಮೂಲೆಗೆ ಒತ್ತಿಟ್ಟರೆ ಬಾಸ್ ಗುಂಯ್‌ಗುಡುತ್ತೆ. ಕೂತಾಗ ಕಿವಿಯ ಎತ್ತರಕ್ಕೆ ಬರುವ ಹಾಗೆ, ಎರಡು ಸ್ಪೀಕರ್ ಮತ್ತು ನೀವು ಸೇರಿ ತ್ರಿಕೋನ ಆಗುವ ಹಾಗೆ ಇಡಿ. ದಪ್ಪ ಕರ್ಟನ್, ಜಮಖಾನ ಇದ್ದರೆ ಸದ್ದು ಪ್ರತಿಧ್ವನಿಸೋದು ಕಡಿಮೆ. ಇದಕ್ಕೆಲ್ಲ ಒಂದು ಪೈಸೆ ಹೊಸ ಖರ್ಚಿಲ್ಲ ನೋಡಿ.

ಬಿಲ್ಲು, ವಾರಂಟಿ ಕಾರ್ಡನ್ನು ಜೋಪಾನವಾಗಿಡಿ. ಕೆಟ್ಟಾಗ ಅಂಗಡಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಯದಾಗಿ ಒಂದು ಮಾತು. ಮನೆಯವರ ಅಭಿಪ್ರಾಯ ಕೇಳಿ, ತಪ್ಪಿಲ್ಲ. ಆದರೆ ದಿನದಲ್ಲಿ ಹೆಚ್ಚು ಹೊತ್ತು ಹಾಡು ಕೇಳುವ ಕಿವಿ ಯಾರದೋ, ಆಯ್ಕೆಯೂ ಅವರದಾಗಿರಲಿ. ‘ನಂಗೆ ಇದು ಬೇಕು’ ಅಂತ ಬಾಯಿಬಿಟ್ಟು ಹೇಳೋದು ಸ್ವಾರ್ಥ ಅಲ್ಲ. ನಾನು ಎರಡನೇ ಸಲ ಹೇಳಿದೆ. ಈಗ ರಾತ್ರಿ ಪಾತ್ರೆ ತೊಳೆದಿಟ್ಟು ಅರ್ಧ ಗಂಟೆ ಹಾಲ್‌ನಲ್ಲಿ ಕೂತು ಹಾಡು ಕೇಳ್ತೀನಿ. ಟಿವಿ ಆರಿಸಿ ನಮ್ಮವರೂ ಬಂದು ಪಕ್ಕದಲ್ಲಿ ಕೂರ್ತಾರೆ. ಲೋಟ ಮಾತ್ರ ಕಾಫಿ ಕೆಲಸಕ್ಕೆ ಮರಳಿದೆ!